ಹನ್ನೊಂದು ಶಾಲೆಗಳ ಗ್ಲೋಬು

ಇಂದಿನ ಯಾವ ನಕಾಶೆಯಲ್ಲೂ ಸಿಗದ ಕಿರೀಟಗಿರಿ ಎಂಬ ರಾಜ್ಯದಲ್ಲಿ, ಬಹಳ ಹಿಂದೆ, ಒಂದು ಸೋಮವಾರ ಬೆಳಗ್ಗೆ ಹತ್ತೂಕಾಲು ಗಂಟೆಗೆ ಕಲ್ಲುಹೊಳೆ ಶಾಲೆಗೆ ಅರಮನೆಯ ಸುತ್ತೋಲೆ ಬಂತು. ಪರಗಣೆಯ ಶಾಲೆಗಳ ಚರಿತ್ರೆಯನ್ನು ಮುಂದಿನ ಪೀಳಿಗೆಗೆ ಉಳಿಸಲು ರಾಜಧಾನಿಯಲ್ಲಿ ವಸ್ತುಸಂಗ್ರಹಾಲಯ ತೆರೆಯಲಾಗುವುದು. ಹನ್ನೊಂದು ಶಾಲೆಗಳೂ ತಮ್ಮ ತಮ್ಮ ಗ್ಲೋಬನ್ನು ಎಂಟು ದಿನದೊಳಗೆ ಒಪ್ಪಿಸತಕ್ಕದ್ದು.

ಮುಖ್ಯೋಪಾಧ್ಯಾಯಿನಿ ನೀಲಗಂಗಮ್ಮ ಅದನ್ನು ಎರಡು ಸಲ ಓದಿ ಜವಾನ ದ್ಯಾಮಣ್ಣನ ಕೈಗೆ ಕೊಟ್ಟರು. ದ್ಯಾಮಣ್ಣ ಒಂದೇ ಸಲ ಓದಿ ಕೂತುಬಿಟ್ಟ.

"ಹನ್ನೊಂದು ಎಲ್ಲಿಂದ ತರೋಣ್ರೀ ಅಕ್ಕೋರ? ಇರೋದು ಒಂದು."

ಇದ್ದದ್ದು ಒಂದೇ, ಅದೂ ಕಲ್ಲುಹೊಳೆಯದು. ತಪಾಸಣಾಧಿಕಾರಿಗಳು ವರ್ಷಕ್ಕೊಮ್ಮೆ ದಿನಕ್ಕೊಂದು ಶಾಲೆಯಂತೆ ಪ್ರವಾಸ ಹೊರಡುತ್ತಿದ್ದರು. ಅವರ ಕುದುರೆಗಾಡಿಗಿಂತ ಒಂದು ಊರು ಮುಂದೆ ದ್ಯಾಮಣ್ಣನ ಸೈಕಲ್ಲು, ಸೈಕಲ್ಲಿನ ಹಿಂದೆ ಗೋಣಿಚೀಲದಲ್ಲಿ ಗ್ಲೋಬು. ಹೀಗೆ ಇಪ್ಪತ್ತೆರಡು ವರ್ಷ ಹನ್ನೊಂದೂ ಶಾಲೆಗಳ ದಾಸ್ತಾನು ಪುಸ್ತಕದಲ್ಲಿ "ಗ್ಲೋಬು ಒಂದು, ಸುಸ್ಥಿತಿ" ಎಂಬುದಕ್ಕೆ ಅಧಿಕಾರಿಗಳ ರುಜು ಬಿದ್ದಿತ್ತು. ಸುಸ್ಥಿತಿ ಎನ್ನುವುದೂ ಪೂರ್ತಿ ನಿಜವಲ್ಲ. ಹೋದ ವರ್ಷ ಸುತ್ತು ಮುಗಿಸಿ ಮರಳುವಾಗ ಊರಮುಂದಿನ ಹಳ್ಳದಲ್ಲಿ ಸೈಕಲ್ಲು ಮಗುಚಿ, ಪೆಸಿಫಿಕ್ ಮಹಾಸಾಗರದ ನಡುವೆ ನಿಂಬೆಹಣ್ಣು ಕೂರುವಷ್ಟು ತಗ್ಗು ಬಿದ್ದಿತ್ತು. ಕಲ್ಲುಹೊಳೆಯ ಮಕ್ಕಳು ಅದನ್ನು ಕಣ್ಣಾರೆ ಕಂಡಿದ್ದರು.

ನೀಲಗಂಗಮ್ಮನವರ ಚಿಂತೆ ಬೇರೆ. ಮಾರ್ಚಿನಲ್ಲಿ ಏಳನೆಯ ತರಗತಿಗೆ ರಾಜ್ಯ ಪರೀಕ್ಷೆ. ಪಾಸಾದವರಿಗೆ ಮಾತ್ರ ಪಟ್ಟಣದ ಹೈಸ್ಕೂಲು. ಇದ್ದ ಇಪ್ಪತ್ತಾರು ಮಕ್ಕಳಿಗೆ, ಗ್ಲೋಬು ತಿರುಗಿಸಿ ತೋರಿಸದೆ ಹಗಲು ಇರುಳಿನ ಪಾಠ ತಲೆಗೆ ಹತ್ತುತ್ತಿರಲಿಲ್ಲ. ಅವರು ಮರುದಿನವೇ ರಾಜಧಾನಿಗೆ ಹೋಗಿ ವಿದ್ಯಾಮಂತ್ರಿ ಅನುಮೋದರಾಯರ ಎದುರು ಇದ್ದದ್ದನ್ನು ಇದ್ದಂತೆ ಹೇಳಿದರು.

ಮಂತ್ರಿಗಳು ಸಾವಧಾನವಾಗಿ ಕೇಳಿದರು. "ತಾಯಿ, ನೀವು ಹೇಳುವುದು ಸತ್ಯವೇ ಇರಬಹುದು. ಆದರೆ ದಾಖಲೆಯಲ್ಲಿ ಹನ್ನೊಂದಿವೆ. ಹತ್ತು ಕಳವಾಗಿವೆ ಎಂದು ಬರೆಯಲೇ? ಹತ್ತು ಮಂದಿ ಹೆಡ್‌ಮಾಸ್ತರರನ್ನು ಸೆರೆಮನೆಗೆ ಕಳಿಸಬೇಕಾದೀತು."

"ಹಂಗಾದ್ರ ನಮ್ಮ ಹುಡುಗರ ಪಾಠ ಏನಾಗಬೇಕ್ರೀ ಸಾಹೇಬ್ರ?"

"ಉದ್ಘಾಟನೆಗೆ ನಿಮ್ಮ ದ್ಯಾಮಣ್ಣ ಬರಲಿ. ನೀವೂ ಬನ್ನಿ. ಪ್ರಭುಗಳು ಏನು ಕೇಳಿದರೂ ಬಾಯಿ ಬಿಡಬೇಡಿ. ಮರುದಿನ ಬೆಳಗ್ಗೆ ಗ್ಲೋಬು ನಿಮ್ಮ ಮೇಜಿನ ಮೇಲಿರುತ್ತದೆ."

ನೀಲಗಂಗಮ್ಮ ಒಪ್ಪಿದರು.

ಸಂಗ್ರಹಾಲಯ ಎಂದರೆ ಅರಮನೆಯ ಹಳೆಯ ಆನೆಲಾಯ. ಮಿತವ್ಯಯದ ಕ್ರಮವಾಗಿ ಆನೆಗಳನ್ನು ಮಾರಿದ ಮೇಲೆ ಅದನ್ನು 'ಪಾರಂಪರಿಕ ಅನುಭವ ಕೇಂದ್ರ'ವಾಗಿ ಮೇಲ್ದರ್ಜೆಗೆ ಏರಿಸಲಾಗಿತ್ತು. ಶಾಲೆಗೊಂದರಂತೆ, ಆನೆ ಕಟ್ಟುತ್ತಿದ್ದ ಹನ್ನೊಂದು ಅಂಕಣ. ಹಿಂದುಗಡೆ ಆನೆಗಳಿಗೆ ಮೇವು ಹಾಕುತ್ತಿದ್ದ ಓಣಿ. ಮಹಾರಾಜ ಪ್ರಭಂಜನವರ್ಮರು ಒಂದು ಅಂಕಣ ನೋಡಿ ಇನ್ನೊಂದರ ಬಾಗಿಲಿಗೆ ಬಂದಾಗಲೆಲ್ಲ ಅನುಮೋದರಾಯರು ಅಡ್ಡ ನಿಂತು ಪ್ರಭುಗಳ ನಲವತ್ತೇಳು ಬಿರುದುಗಳನ್ನು ಓದುತ್ತಿದ್ದರು. ಅಷ್ಟರಲ್ಲಿ ದ್ಯಾಮಣ್ಣ ಗ್ಲೋಬನ್ನು ಎತ್ತಿಕೊಂಡು ಓಣಿಯಲ್ಲಿ ಓಡುತ್ತಿದ್ದ.

ಎಂಟನೆಯ ಅಂಕಣದಲ್ಲಿ ಮಹಾರಾಜರು ಕಿವಿಗೊಟ್ಟರು. "ಏದುಸಿರು ಬಿಡುತ್ತಿರುವವರು ಯಾರು?"

"ಗೋಡೆಗಳು, ಪ್ರಭು. ತಮ್ಮನ್ನು ಕಂಡು ಭಾವುಕವಾಗಿವೆ."

ಹನ್ನೊಂದನೆಯದರಲ್ಲಿ ಮಹಾರಾಜರು ಪೆಸಿಫಿಕ್ ಸಾಗರಕ್ಕೆ ಬೆರಳಿಟ್ಟರು. "ಅನುಮೋದರಾಯರೇ, ಹನ್ನೊಂದರಲ್ಲೂ ಒಂದೇ ಕಡೆ, ಒಂದೇ ಅಳತೆಯ ತಗ್ಗು."

ಓಣಿಯಲ್ಲಿ ಏದುಸಿರು ನಿಂತಿತು. ಮಂತ್ರಿಗಳು ಕೈಮುಗಿದರು. "ತಮ್ಮ ಆಳ್ವಿಕೆಯ ಏಕರೂಪ ಶಿಕ್ಷಣದ ಫಲ, ಪ್ರಭು."

"ಅಲ್ಲ," ಎಂದರು ಮಹಾರಾಜರು. "ಒಂದರಲ್ಲಿದ್ದರೆ ಅಪಘಾತ. ಹನ್ನೊಂದರಲ್ಲೂ ಇದೆ ಎಂದರೆ ಸಾಗರದಲ್ಲೇ ಇದೆ."

ಆಸ್ಥಾನದ ಭೂಗೋಳ ಪಂಡಿತರು ತಮಗೆ ಈ ಅನುಮಾನ ಮೊದಲಿನಿಂದಲೂ ಇತ್ತೆಂದರು. ಮಹಾರಾಜರು ನೀಲಗಂಗಮ್ಮನವರ ಕಡೆ ತಿರುಗಿದರು. "ಟೀಚರಮ್ಮ, ಪಾಠ ಹೇಳುವವರು ನೀವು. ಇದು ನಿಜ ತಾನೆ?"

ನೀಲಗಂಗಮ್ಮ ಗ್ಲೋಬನ್ನು ನೋಡಿದರು. ಮಂತ್ರಿಗಳನ್ನು ನೋಡಿದರು. ಬಾಯಿ ಬಿಡಲಿಲ್ಲ.

"ಆನಂದದಿಂದ ಮಾತೇ ಹೊರಡುತ್ತಿಲ್ಲ, ಪ್ರಭು," ಎಂದರು ಅನುಮೋದರಾಯರು.

ಸಂಜೆಯೇ ಆಜ್ಞೆ ಹೊರಟಿತು. ತಗ್ಗಿಗೆ 'ಪ್ರಭಂಜನ ಕಂದರ' ಎಂದು ಹೆಸರು. ಅದರ ಸಂಶೋಧನೆಗೆ ಮನೆಗೊಂದು ಕಂದರ ಸುಂಕ. ರಾಜ್ಯಕ್ಕೆ ಸಮುದ್ರವೇ ಇಲ್ಲದ ಕಾರಣ ಮೊದಲ ಹಂತದಲ್ಲಿ ಬಂದರು ನಿರ್ಮಾಣ. ಹನ್ನೊಂದೂ ಗ್ಲೋಬುಗಳು ರಾಜ್ಯದ ಸಾಕ್ಷ್ಯವಾದ್ದರಿಂದ ಆನೆಲಾಯದ ಹೊರಗೆ ಹೋಗತಕ್ಕದ್ದಲ್ಲ. ದ್ಯಾಮಣ್ಣನಿಗೆ ಸಹಾಯಕ ಕ್ಯುರೇಟರ್ ಎಂದು ಬಡ್ತಿ: ಹತ್ತರಿಂದ ಐದರವರೆಗೆ ಪ್ರೇಕ್ಷಕರಿಗಿಂತ ಒಂದು ಅಂಕಣ ಮುಂದೆ ಓಡುವ ಕೆಲಸ.

ನೀಲಗಂಗಮ್ಮನವರ ಮೇಜಿನ ಮೇಲೆ ಗ್ಲೋಬಿನ ಬದಲು ಹೊಸ ಪಠ್ಯಪುಸ್ತಕ ಬಂತು. ಕಂದರವು ಮಹಾರಾಜರ ಮುತ್ತಾತನವರ ಪಾದಸ್ಪರ್ಶದಿಂದ ಉಂಟಾಯಿತೆಂಬ ಪಾಠವನ್ನು ಅವರು ಗಟ್ಟಿಯಾಗಿ ಓದಿದರು. ಮುಂದಿನ ಸಾಲಿನ ಮಹಾನಂದಾ ಎದ್ದು ನಿಂತಳು.

"ಅಕ್ಕೋರ, ಅದು ದ್ಯಾಮಣ್ಣ ಕಾಕಾ ಹಳ್ಳದಾಗ ಕೆಡವಿದ್ದಲ್ರೀ?"

ಅರಮನೆಯಲ್ಲಿ ಸುಮ್ಮನಿದ್ದವರಿಗೆ ಇಲ್ಲಿ ಸುಮ್ಮನಿರಲು ಆಗಲಿಲ್ಲ. "ಹೌದವ್ವ, ಅವನ ಕೆಡವಿದ್ದು. ಪರೀಕ್ಷಾದಾಗ ಮಾತ್ರ ಪುಸ್ತಕದಾಗ ಇದ್ದಂಗ ಬರೀರಿ."

ಮಕ್ಕಳು ತಲೆಯಾಡಿಸಿದರು.

ಮಾರ್ಚಿನ ಪ್ರಶ್ನೆಪತ್ರಿಕೆಯಲ್ಲಿ ಮೊದಲ ಪ್ರಶ್ನೆ ಕಡ್ಡಾಯವಾಗಿತ್ತು: ಪ್ರಭಂಜನ ಕಂದರ ಹೇಗೆ ಉಂಟಾಯಿತು? ತಪ್ಪು ಉತ್ತರಕ್ಕೆ ನಪಾಸು. ಗ್ಲೋಬನ್ನು ವರ್ಷಕ್ಕೊಂದು ದಿನ ಮಾತ್ರ ಕಂಡಿದ್ದ ಹತ್ತು ಶಾಲೆಗಳ ಮಕ್ಕಳು ಪಾದಸ್ಪರ್ಶವೆಂದು ಬರೆದು ಪಾಸಾದರು. ಕಲ್ಲುಹೊಳೆಯ ಇಪ್ಪತ್ತಾರು ಮಕ್ಕಳೂ ಕಣ್ಣಾರೆ ಕಂಡಂತೆ ಸೈಕಲ್ಲು ಎಂದು ಬರೆದರು.

ಫಲಿತಾಂಶ ಸೊನ್ನೆ ಬಂದ ಕಾರಣಕ್ಕೆ ಜೂನ್ ಒಂದರಂದು ಕಲ್ಲುಹೊಳೆ ಶಾಲೆಯನ್ನು ಮುಚ್ಚಲಾಯಿತು. ಅದರ ನಾಮಫಲಕವನ್ನು ಆನೆಲಾಯದಲ್ಲಿ ಆ ಶಾಲೆಗೆ ಮೀಸಲಾಗಿದ್ದ ಮೂರನೆಯ ಅಂಕಣದಲ್ಲಿ ತೂಗುಹಾಕಲಾಯಿತು.