ಚಕ್ರವರ್ತಿಯ ಡಬ್ಬಿ

ಅದ್ವಿಕಾ, ನಿಶಾಂತ್, ಮಲೇಷ್ಯಾದ ನಮ್ಮ ಪುಚೊಂಗ್ ಮನೆಯ ಪಕ್ಕದಲ್ಲಿ ಒಬ್ಬ ಚೀನಾ ಚಕ್ರವರ್ತಿ ಇದ್ದ ಎಂದರೆ ನೀವು "ಅಜ್ಜಿ, ಸ್ಟಾಪ್ ಲಾ!" ಎನ್ನುತ್ತೀರಿ. ಬನಿಯನ್, ಪಟ್ಟೆ ಚಡ್ಡಿ ತೊಟ್ಟವನು ಚಕ್ರವರ್ತಿಯಾಗಬಾರದೆಂದು ಎಲ್ಲಿ ಬರೆದಿದೆ?

ಗಿಡಮೂಲಿಕೆ ಅಂಗಡಿ ಮುಚ್ಚಿ ಮನೆ ಸೇರಿದ್ದ ಮುದುಕ ಆತ. ನಿಮ್ಮ ತಾತ ಹೋದ ಮೇಲೆ ನಾನು ಯಾರೊಡನೆಯೂ ಮಾತಾಡದೆ, ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತ ಕೆಮ್ಮುತ್ತಿದ್ದೆ. ಒಂದು ದಿನ ಕಾಂಪೌಂಡಿನ ಮೇಲಿಂದ ಕೆಂಪು ತಗಡಿನ ಡಬ್ಬಿ ಬಂತು. ಒಳಗೆ ಸುಕ್ಕುಗಟ್ಟಿದ ಬೇರು. ಒಣಗಿದ ಮೂಲಂಗಿ ಎಂದುಕೊಂಡು ಹುಳಿ ಮಾಡಿದೆ! ನಿಮ್ಮಪ್ಪ ಎರಡು ಸಲ ಬಡಿಸಿಕೊಂಡು, "ಅಮ್ಮಾ, ಮೂಲಂಗಿ ಯಾಕೋ ಕಹಿ" ಎಂದ. ಅದು ಜಿನ್ಸೆಂಗ್ ಎಂಬ ದುಬಾರಿ ಮದ್ದಂತೆ!

ಡಬ್ಬಿ ಖಾಲಿ ಹಿಂದಿರುಗಿಸುವುದುಂಟೇ? ನಮ್ಮಲ್ಲಿ ಚಿಟಿಕೆ ಸಕ್ಕರೆಯನ್ನಾದರೂ ಹಾಕದೆ ಪಾತ್ರೆ ಕೊಡುವುದಿಲ್ಲ. ಕಷಾಯದ ಪುಡಿ ತುಂಬಿ ಕೊಟ್ಟೆ. ಆತ ಅಂಗಡಿಯಲ್ಲಿ ಕಲಿತ ಮುರುಕು ತಮಿಳಿನಲ್ಲಿ ಘೋಷಿಸಿದ. ನನ್ನ ಕೊಳ್ಳೇಗಾಲದ ತಮಿಳಿಗೆ ಅಷ್ಟು ಸಾಕಾಗಿತ್ತು.

"ಓಹೋ, ಕಪ್ಪ ಬಂತು! ನಮ್ಮ ಚಕ್ರವರ್ತಿಗಳು ಕೊರಿಯಾ ರಾಜನಿಗೆ ಔಷಧಿ ಕಳಿಸ್ತಿದ್ರು. ಯಾರಾದ್ರೂ ಕಪ್ಪ ತಂದ್ರೆ ಅದಕ್ಕಿಂತ ಜಾಸ್ತಿ ವಾಪಸ್ ಕೊಡ್ಬೇಕು ಲಾ. ಇಲ್ಲಾಂದ್ರೆ ಮರ್ಯಾದೆ ಹೋಗುತ್ತೆ!"

ಮರುದಿನವೇ ಡಬ್ಬಿ ಮತ್ತೆ ಹಾಜರ್. ನಾನು ಖಾಲಿ ಕೊಡುವಂತಿಲ್ಲ, ಆತ ಕಡಿಮೆ ಕೊಡುವಂತಿಲ್ಲ. ಇದು ಮುಗಿಯುವುದಾದರೂ ಹೇಗೆ?

"ನಾನೇನು ನಿಮ್ಮ ಸಾಮಂತಳಲ್ಲ" ಎಂದೆ ಒಮ್ಮೆ. ಆ ವರ್ಷ ನಾನಾಡಿದ ಅತಿ ಜೋರಿನ ಮಾತು ಅದೇ.

"ಹಾಗಾದ್ರೆ ಖಾಲಿ ಡಬ್ಬಿ ಕೊಡಿ, ರಾಣಿ!"

ಕೈ ಬರುತ್ತದೆಯೇ? ಶುಂಠಿ ಲೇಹ್ಯ ತುಂಬಿದೆ. ಆತ ಬ್ರೆಡ್ಡಿಗೆ ಬಳಿದು ತಿಂದು, "ಜಾಮ್ ಚೆನ್ನಾಗಿದೆ. ಯಾವ ರೋಗಕ್ಕೆ?" ಎಂದ.

ನಿಮ್ಮಮ್ಮ ರೇಗಿದಳು: "ಅತ್ತೆ, ಬಿಪಿ ಮಾತ್ರೆ ಜೊತೆ ಇದೆಲ್ಲ ತಗೋಬೇಡಿ!" ಅಂದಿನಿಂದ ಬೇರುಗಳೆಲ್ಲ ಕರಿಬೇವಿನ ಬುಡಕ್ಕೆ. ಗಿಡ ಸೂರು ಮುಟ್ಟಿತು! ಆದರೆ ನನ್ನ ಕೆಮ್ಮು ನಿಂತಿತೆಂದು ಆತ ಬೀಗಿದ. ನಿಂತದ್ದು ನಿಜ. ದಿನವೂ ಜಗಳವಾಡುವವಳಿಗೆ ಕೆಮ್ಮಲು ಪುರುಸೊತ್ತೆಲ್ಲಿ?

ಕಳೆದ ತಿಂಗಳು ಆತನನ್ನು ಆಸ್ಪತ್ರೆಗೆ ಸೇರಿಸಿದರು. ಡಬ್ಬಿ ನನ್ನ ಬಳಿಯಿತ್ತು. ಕಷಾಯದ ಪುಡಿ ತುಂಬಿಕೊಂಡು ಕಾದೆ. ಆತ ಮರಳಲಿಲ್ಲ. ಕೊನೆಗೆ ನಾನೇ ಹೋಗಿ, ಮೊದಲ ಸಲ ಆ ಮನೆಯ ಬಾಗಿಲು ತಟ್ಟಿ, ಆತನ ಮಗಳ ಮುಂದೆ ಡಬ್ಬಿ ಹಿಡಿದೆ. ಆಕೆ ಪುಡಿಯನ್ನಷ್ಟೇ ಸುರಿದುಕೊಂಡು ಅಪ್ಪನದೇ ಮುರುಕು ತಮಿಳಿನಲ್ಲಿ ಹೇಳಿದಳು:

"ಆಂಟಿ, ಡಬ್ಬಿ ನಿಮಗೇ ಅಂದಿದ್ರು ಅಪ್ಪ, ಹೋಗೋ ಮುಂಚೆ. ಕೊನೆಗೆ ಕೊಡೋನು ಚಕ್ರವರ್ತೀನೇ ಆಗಿರ್ಬೇಕಂತೆ."

ಗೆದ್ದುಬಿಟ್ಟ, ಮುದುಕ!

ಮಕ್ಕಳೇ, ಈ ಹಾಳೆಗಳನ್ನು ಅದರಲ್ಲೇ ಇಟ್ಟಿದ್ದೇನೆ. ಜೋಪಾನ ಮಾಡಿ. ಆ ಡಬ್ಬಿ ಖಾಲಿ ಇರಬಾರದು.