ಒಳಕ್ಕೆ ತೆರೆಯುವ ಬಾಗಿಲು

ಫೋಟೊದಲ್ಲಿ ಬಾಗಿಲಿನ ಕೀಲುಗಳು ಹೊರಗೇ ಕಾಣುತ್ತಿದ್ದವು. ಅಂದರೆ ಬಾಗಿಲು ಹೊರಕ್ಕೆ ತೆರೆಯುತ್ತದೆ. ಸೇನಾ ಶಿಬಿರದ ಬಡಗಿಗೆ ಅದನ್ನು ತಿಳಿಯಲು ಅರ್ಧ ನೋಟ ಸಾಕಿತ್ತು.

ಆ ಮನೆಯಲ್ಲಿ ಅಡಗಿದ್ದ ಬಂಡುಕೋರರ ನಾಯಕನನ್ನು ವಿಶೇಷ ದಳ ಅಂದೇ ಮಧ್ಯಾಹ್ನ ಹಿಡಿಯಬೇಕಿತ್ತು. ತಾಲೀಮಿಗೆಂದು ಅದೇ ಅಳತೆಯ ಪ್ಲೈವುಡ್ ಮನೆ ಕಟ್ಟಿದವನು ಬಡಗಿ. ಕೆಲಸ ಗೆದ್ದರೆ ಸಂಜೆಯ ಬಸ್ಸಿಗೆ ರಜೆ. ಮಗಳಿಗೆ ದಿನ ತುಂಬಿತ್ತು. ಇವನ ಚೀಲ ಸಿದ್ಧವಾಗಿತ್ತು.

"ಬಾಗಿಲು ಒಳಗೆ ತೆರೆಯೋ ಹಾಗೆ ಕೂರಿಸಯ್ಯ," ಎಂದರು ಕ್ಯಾಪ್ಟನ್. "ಒದ್ದು ನುಗ್ಗೋಕೆ ಅದೇ ಸಲೀಸು."

"ನಮಗೆ ಸಲೀಸು ಅಂತ ಅವನ ಬಾಗಿಲು ತಿರುಗುತ್ತಾ ಸಾರ್?"

"ಪ್ಲಾನ್ ಮಾಡೋದು ನಾನಾ, ನೀನಾ?"

ಉಗ್ರಾಣದವನು ನಡುವೆ ಬಾಯಿ ಹಾಕಿದ. "ಹೇಳಿದ್ದು ಮಾಡು ಬಿಡಣ್ಣ. ನಿನ್ನ ಗಂಟೇನು ಹೋಗುತ್ತೆ?"

"ನನ್ನ ಬಸ್ಸು ಹೋಗುತ್ತೆ."

ಬಡಗಿ ಹಲ್ಲು ಕಡಿಯುತ್ತ ಕೀಲು ಬಿಚ್ಚಿ, ತಿರುಗಿಸಿ ಹೊಡೆದ. ಒಂದೊಂದು ಏಟೂ ಯಾರದೋ ತಲೆಯ ಮೇಲೆ ಬೀಳುವಂತಿತ್ತು. ಹನ್ನೆರಡು ತಾಲೀಮು ನಡೆದವು. ಹನ್ನೆರಡು ಸಲವೂ ಬಾಗಿಲು ಹಸಿದ ಮಗುವಿನ ಬಾಯಿಯಂತೆ ತೆರೆದುಕೊಂಡಿತು. ಕ್ಯಾಪ್ಟನ್ ತಾವೇ ಚಪ್ಪಾಳೆ ತಟ್ಟಿಕೊಂಡರು.

ಮಧ್ಯಾಹ್ನ ನಿಜವಾದ ಬಾಗಿಲು ಮುನಿಸಿಕೊಂಡ ಅತ್ತೆಯಂತೆ ಅಲುಗದೆ ನಿಂತಿತು. ಒದ್ದರು, ಹೆಗಲು ಕೊಟ್ಟರು. ಎಳೆದು ನೋಡೋಣವೆಂದು ಒಬ್ಬನಿಗೂ ಹೊಳೆಯಲಿಲ್ಲ. ತಾಲೀಮಿನಲ್ಲಿ ಅದು ಇರಲಿಲ್ಲವಲ್ಲ. ಎಂಟು ನಿಮಿಷದ ಮೇಲೆ, ನಿದ್ದೆ ಕೆಟ್ಟ ನಾಯಕ ಪಕ್ಕದ ಮನೆಯವರ ಕಾಟವೆಂದುಕೊಂಡು ಬೈಯುತ್ತ ತಾನೇ ಬಾಗಿಲು ದೂಡಿದ. ಅದು ಕ್ಯಾಪ್ಟನ್ ಮೂಗಿಗೆ ಬಡಿಯಿತು. ಬಿದ್ದ ಅವರನ್ನು ಎಡವಿ ಅವನೂ ಬಿದ್ದ. ಹಿಡಿದುಕೊಂಡರು.

ಗೆದ್ದಾಯಿತು. ಬಡಗಿ ಚೀಲ ಹೆಗಲಿಗೇರಿಸಿ ಕಚೇರಿಗೆ ಹೋದ. ಕ್ಯಾಪ್ಟನ್ ಮೂಗಿಗೆ ಪಟ್ಟಿ ಕಟ್ಟಿಕೊಂಡು ವರದಿ ಓದುತ್ತಿದ್ದರು: "ಯಶಸ್ಸಿಗೆ ಕಾರಣ, ಕ್ಯಾಪ್ಟನ್ ಅವರ ಮುಂದಾಲೋಚನೆ. ಲೋಪ, ಬಡಗಿ ಬಾಗಿಲನ್ನು ತಪ್ಪಾಗಿ ಕೂರಿಸಿದ್ದು."

"ನಾನಾ? ಬೆಳಿಗ್ಗೆ ನಾನು ಬಡ್ಕೊಂಡಿದ್ದೇನು ಸಾರ್?"

"ಬಡ್ಕೊಂಡೆ. ಒಪ್ಪಿಸಲಿಲ್ಲ. ಅದೂ ಲೋಪವೇ."

"ರಜೆ?"

"ನಾಳೆ ಇನ್ನೊಂದು ಮನೆ ಇದೆ. ಅದಾದ ಮೇಲೆ ನೋಡೋಣ. ಅನುಭವದಿಂದ ಕಲೀಬೇಕಯ್ಯ. ಈ ಸಲ ಬಾಗಿಲು ಹೊರಕ್ಕೇ ತೆರೀಬೇಕು." ಹೊಸ ಫೋಟೊ ಮುಂದೆ ಸರಿಸಿದರು.

ಬಡಗಿ ನೋಡಿದ. ಬಾಗಿಲಿನ ಹೊರಗೆ ಒಂದೇ ಒಂದು ಕೀಲೂ ಕಾಣಲಿಲ್ಲ.

ಬಾಯಿ ತೆರೆದ. ಕಿಟಕಿಯಾಚೆ ಸಂಜೆಯ ಬಸ್ಸು ಹಾರನ್ ಹಾಕಿತು. ತೆರೆದ ಬಾಯಿಯಲ್ಲಿ ನಾಲ್ಕು ಮೊಳೆ ಕಚ್ಚಿಕೊಂಡು ಸುತ್ತಿಗೆ ಹುಡುಕಲು ಹೋದ.