ದೂರು ಮುಟ್ಟಿತು

ಫಜೀತಿ ಶುರುವಾಗಿದ್ದು ಮ್ಯಾನೇಜರರ ಒಂದೇ ಮಾತಿನಿಂದ: "ನನಗೂ ಬರ್ಲಿ."

ಲಿಫ್ಟ್ ರಿಪೇರಿ ಕಂಪನಿಯಲ್ಲಿ ದೂರು ಬರೆದುಕೊಳ್ಳುವ ಗುಮಾಸ್ತನನ್ನು ಆಫೀಸೆಲ್ಲ ದೂರಪ್ಪ ಎಂದೇ ಕರೆಯುತ್ತಿತ್ತು. ಹನ್ನೊಂದು ವರ್ಷ ಫೋನಿಗೆ ಕಿವಿ ಕೊಟ್ಟು ಅವನ ಕಿವಿಯೇ ಚಪ್ಪಟೆಯಾಗಿತ್ತು. ಮೂರು ತಿಂಗಳು ಪಟ್ಟು ಹಿಡಿದು ಕಲಿತು, ಕ್ಲೌಡ್‌ನಲ್ಲಿ ಒಂದು ಹೊಸ ವ್ಯವಸ್ಥೆ ಕಟ್ಟಿದ್ದ. ಯಾವ ಲಿಫ್ಟ್ ಕೆಟ್ಟರೂ ಸುದ್ದಿ ತಾನಾಗಿಯೇ ಅಲ್ಲಿಗೆ ಹೋಗುತ್ತದೆ. ಅವನು ಬರೆದಿಟ್ಟ ನಿಯಮದಂತೆ ಬಾಗಿಲಿನ ದೂರು ಮೆಕ್ಯಾನಿಕ್ಕಿನ ಮೊಬೈಲಿಗೆ, ದೀಪದ್ದು ಎಲೆಕ್ಟ್ರಿಷಿಯನ್ನಿಗೆ ಮುಟ್ಟುತ್ತದೆ. ಇವತ್ತು ಅದರ ಮೊದಲ ದಿನ. ದೂರಪ್ಪ ಗರಿಗರಿ ಇಸ್ತ್ರಿಯ ಅಂಗಿ ತೊಟ್ಟು ಮದುಮಗನ ಹಾಗೆ ಬಂದಿದ್ದ.

"ಸರ್ವರ್ ಎಲ್ಲಿಟ್ಟಿದ್ದೀಯಪ್ಪಾ?" ಎಂದಳು ಸ್ಟೋರ್ ನೋಡಿಕೊಳ್ಳುವ ಅಕ್ಕ.

"ನಾವು ಇಡೋದೇ ಬೇಡ ಅಕ್ಕ. ಇದು ಸರ್ವರ್‌ಲೆಸ್ಸು. ಕೆಲಸ ಬಂದಾಗ ಎದ್ದು ಮಾಡುತ್ತೆ, ಮುಗಿಸಿ ಮಲಗುತ್ತೆ."

"ಹಾಗಾದ್ರೆ ನಮ್ಮ ಮ್ಯಾನೇಜರ್ ಥರಾನೇ. ಅವರು ಏಳೋದಿಲ್ಲ, ಅಷ್ಟೇ."

ಅಷ್ಟರಲ್ಲಿ ಮ್ಯಾನೇಜರೇ ಬಂದು "ನನಗೂ ಬರ್ಲಿ" ಎಂಬ ಆ ಮಾತು ಹೇಳಿದರು. ಎಲ್ಲ ದೂರೂ ಅವರಿಗೂ ಹೋಗುವಂತೆ ದೂರಪ್ಪ ನಿಯಮ ತಿದ್ದಿದ. ಅವರಿಗೆ ಬಂದ ಮೇಲೆ ನಮಗ್ಯಾಕಿಲ್ಲ ಎಂದು ಉಳಿದವರೂ ಮುತ್ತಿಕೊಂಡರು. ಸರಿ, ಎಲ್ಲರಿಗೂ ಎಲ್ಲವೂ ಹೊರಟಿತು.

ಮೊದಲ ದೂರು ಬಂದೊಡನೆ ಮ್ಯಾನೇಜರ್ ಗತ್ತಿನಿಂದ "ನೋಡಿದೆ" ಎಂದು ಉತ್ತರ ಕಳಿಸಿದರು. ವ್ಯವಸ್ಥೆ ಅದನ್ನೂ ಹೊಸ ದೂರೆಂದು ಬಗೆದು ಎಲ್ಲರಿಗೂ ಹಂಚಿತು. ಎಲ್ಲರೂ "ನೋಡಿದೆ" ಎಂದರು. ಅವೂ ಎಲ್ಲರಿಗೂ ಹೋದವು. ಹನ್ನೊಂದು ಗಂಟೆಯ ಹೊತ್ತಿಗೆ ಆಫೀಸು ಕಲ್ಲೇಟು ಬಿದ್ದ ಜೇನುಗೂಡಾಗಿತ್ತು. ಮೆಕ್ಯಾನಿಕ್ಕಿನ ಮೊಬೈಲು ಗಡಗಡ ನಡುಗುತ್ತ ಮೇಜಿನಂಚಿಗೆ ತೆವಳಿ ಗ್ರೀಸ್ ಡಬ್ಬಿಗೆ ಹಾರಿತು.

"ತೆಗಿಯೋ ನನ್ನ ನಂಬರು!"

"ನನ್ನದು ಮೊದಲು ತೆಗಿ ಮಾರಾಯ!"

ಎಲ್ಲರೂ ಮೊಬೈಲ್ ಆಫ್ ಮಾಡಿ ಡ್ರಾಯರಿಗೆ ತಳ್ಳಿದರು. ದೂರಪ್ಪ ಎಲ್ಲರ ನಂಬರೂ ಅಳಿಸಿದ. ಆದರೆ ದೂರು ಯಾರಿಗಾದರೂ ಹೋಗಲೇಬೇಕಲ್ಲ? ಸಂಜೆಯವರೆಗೆ ಇರಲಿ ಎಂದು ತನ್ನ ನಂಬರೊಂದನ್ನೇ ಹಾಕಿದ. ಅವನ ಹೆಮ್ಮೆಗೆ ಮಾತ್ರ ಗೀರೂ ಬಿದ್ದಿರಲಿಲ್ಲ. "ಇಷ್ಟು ಗಲಾಟೇಲೂ ಒಂದು ದೂರಾದ್ರೂ ಕಳೆದುಹೋಯ್ತಾ, ಹೇಳಿ?" ಎಂದು ಎಲ್ಲರನ್ನೂ ಕೇಳಿದ.

ಊಟದ ನಂತರ ನಾಲ್ಕನೇ ಮಹಡಿಯ ಡೈರೆಕ್ಟರರಿಂದ ಕರೆ ಬಂತು, ಹೊಸ ವ್ಯವಸ್ಥೆ ತೋರಿಸಬೇಕಂತೆ. ದೂರಪ್ಪ ಲ್ಯಾಪ್‌ಟಾಪ್ ಎದೆಗವಚಿಕೊಂಡು ಲಿಫ್ಟ್ ಹತ್ತಿದ. ಎರಡು ಮತ್ತು ಮೂರನೇ ಮಹಡಿಯ ನಡುವೆ ಅದು ಗಕ್ಕನೆ ನಿಂತಿತು.

ಅವನು ಹೆದರಲಿಲ್ಲ. ರಾಜನೊಬ್ಬ ಸೇವಕರನ್ನು ಕರೆಯುವ ಹಾಗೆ ತುರ್ತು ಗುಂಡಿ ಒತ್ತಿದ. ಎರಡೇ ಸೆಕೆಂಡು, ಅವನ ಜೇಬೇ ಗುಂಯ್ ಎಂದಿತು. "ತುರ್ತು! ಲಿಫ್ಟಿನಲ್ಲಿ ಒಬ್ಬರು ಸಿಕ್ಕಿಬಿದ್ದಿದ್ದಾರೆ. ತಕ್ಷಣ ಹೊರಡಿ."

ಎಂಥ ವೇಗ! ದೂರಪ್ಪನ ಕಣ್ಣಲ್ಲಿ ನೀರಾಡಿತು. ಹೊರಡಬೇಕಾದವನು ತಾನೇ ಎಂದು ಹೊಳೆದದ್ದು ಆಮೇಲೆ. ಒಬ್ಬೊಬ್ಬರಿಗೂ ಫೋನು ಮಾಡಿ ನೋಡಿದ. ಎಲ್ಲವೂ ಸ್ವಿಚ್ ಆಫ್. ಕೊನೆಗೆ ಬಾಗಿಲು ಬಡಿದು, ಗಂಟಲು ಹರಿಯುವಂತೆ ಕೂಗಿದ.

ನಲವತ್ತು ನಿಮಿಷದ ಮೇಲೆ ಮೆಕ್ಯಾನಿಕ್ ಬಾಗಿಲು ಮೀಟಿದ. ಆಫೀಸಿಗೆ ಆಫೀಸೇ ಅಲ್ಲಿ ನೆರೆದಿತ್ತು. ದೂರಪ್ಪ ಮೊಣಕಾಲೂರಿ ಹೊರಗೆ ತೆವಳುತ್ತಲೇ ಮೊಬೈಲನ್ನು ಡೈರೆಕ್ಟರರ ಮೂಗಿಗೆ ಹಿಡಿದ. "ನೋಡಿ ಸಾರ್, ಎರಡೇ ಸೆಕೆಂಡು!"

ಡೈರೆಕ್ಟರ್ ಓದಿದರು. ಮುಖ ಅರಳಿತು. "ಭೇಷ್! ಈ ಕಂಪನೀಲಿ ದೂರು ಇಷ್ಟು ಬೇಗ ಯಾರಿಗೂ ಮುಟ್ಟಿಲ್ಲ ಕಣ್ರೀ. ಇದನ್ನ ಹೀಗೇ ಬಿಡಿ. ಯಾರೂ ಕೈ ಹಾಕ್ಬೇಡಿ."

ಚಪ್ಪಾಳೆ ಬಿತ್ತು. ದೂರಪ್ಪ ಅಂಗಿಯ ಧೂಳನ್ನೂ ಕೊಡವದೆ ನೆಟ್ಟಗೆ ನಿಂತ. "ನಿಮ್ಮ ಆಶೀರ್ವಾದ ಸಾರ್. ಇವರೆಲ್ಲರ ನಂಬರ್ ಮತ್ತೆ ಸೇರಿಸಿಬಿಟ್ರೆ..."

"ಯಾಕ್ರೀ? ನಿಮಗೆ ಎರಡು ಸೆಕೆಂಡಲ್ಲಿ ಗೊತ್ತಾಗುತ್ತೆ. ಇನ್ನೊಬ್ಬರಿಗೆ ಹೇಳ್ತಾ ಕೂತ್ರೆ ಟೈಮ್ ಹಾಳು. ನಾಳೆಯಿಂದ ನೀವೇ ಹೋಗಿ ರಿಪೇರಿ ಮಾಡ್ಬಿಡಿ."

ಮೆಕ್ಯಾನಿಕ್ ಒಂದು ಕ್ಷಣವೂ ತಡಮಾಡದೆ ತನ್ನ ಸಾಮಾನಿನ ಚೀಲವನ್ನು ಅವನ ಹೆಗಲಿಗೆ ತೂಗುಹಾಕಿದ. "ಭಾರ ಇದೆ, ಹುಷಾರು ಸಾಹೇಬ್ರೇ" ಎಂದ.

ಮೊಬೈಲು ಮತ್ತೆ ಗುಂಯ್ ಎಂದಿತು. ಎಲ್ಲೋ ಹನ್ನೆರಡನೇ ಮಹಡಿಯಲ್ಲಿ ಬಾಗಿಲು ಕಚ್ಚಿಕೊಂಡಿತ್ತು. ಹನ್ನೊಂದು ವರ್ಷದಲ್ಲಿ ಯಾರೂ ಅವನನ್ನು ಸಾಹೇಬ್ರೇ ಎಂದಿರಲಿಲ್ಲ. ದೂರಪ್ಪ ಚೀಲದ ಭಾರಕ್ಕೆ ಒಂದು ಕಡೆ ವಾಲಿಕೊಂಡೇ, ಎದೆ ಸೆಟೆಸಿ, ಮೆಟ್ಟಿಲ ಕಡೆ ಹೊರಟ.